ಶೆದ್ಲಿಯನ್ನು ಹಿಡಿಯಲು ಯಾರೂ ಬರಲಿಲ್ಲ

ಅಧ್ಯಕ್ಷರು ಹೆಂಡತಿಯೊಂದಿಗೆ ವಿಮಾನ ಹತ್ತಿ ಓಡಿಹೋದರೆಂಬ ಸುದ್ದಿ ಬಂದ ದಿನ ಇಡೀ ಟ್ಯುನೀಷಿಯಾ ಬೀದಿಗಿಳಿಯಿತು. ನಮ್ಮೂರಿನ ಉಮ್ದಾ ಶೆದ್ಲಿ ಮಾತ್ರ ಅಟ್ಟ ಹತ್ತಿದ.

ಉಮ್ದಾ ಎಂದರೆ ಸರ್ಕಾರ ನೇಮಿಸಿದ ಊರ ಮುಖಂಡ. ಯಾರ ಮನೆಗೆ ಯಾರು ಬಂದರು, ಯಾರ ಮಗ ಗಡ್ಡ ಬಿಟ್ಟ, ಯಾರು ಯಾವ ರೇಡಿಯೊ ಕೇಳಿದರು ಎಂದು ಇಪ್ಪತ್ತೊಂದು ವರ್ಷ ಬರೆದು ಮೇಲಕ್ಕೆ ಕಳಿಸಿದವನು ಅವನು. ಈಗ ಜನ ಪಕ್ಷದ ಕಚೇರಿಗೆ ಬೆಂಕಿ ಇಟ್ಟಿದ್ದರು. ಕುರ್ಚಿಗಳನ್ನು ಸುಡುವುದು ದಂಡವೆಂದು ಯಾರೋ ಹೊತ್ತೊಯ್ದರು. ಅದರಲ್ಲಿ ಎರಡು ಈಗಲೂ ನನ್ನ ಕಾಫಿ ಅಂಗಡಿಯಲ್ಲಿವೆ, ಅದನ್ನು ಮುಚ್ಚಿಡುವುದೇಕೆ?

ಮುಂದಿನ ಸರದಿ ತನ್ನದೇ ಎಂದು ಶೆದ್ಲಿ ಎಣ್ಣೆಯ ಜಾಡಿಗಳ ನಡುವೆ ಚಾಪೆ ಹಾಸಿ ಮಲಗಿದ. ಒಂದು ದಿನವಾಯಿತು, ಒಂದು ವಾರವಾಯಿತು. ಹೆಂಡತಿ ಬೇಯಾ ಮೂರು ಹೊತ್ತೂ ಏಣಿ ಹತ್ತಿ ತಟ್ಟೆ ಕೊಟ್ಟು ಬರುತ್ತಿದ್ದಳು.

"ಜನ ಬಂದ್ರಾ?"

"ಬಂದಿದ್ರು."

"ಯಾರು? ಎಷ್ಟು ಜನ?"

"ಗ್ಯಾಸ್ ಸಿಲಿಂಡರ್‌ನೋನು. ಒಬ್ನೇ."

ಎರಡನೆಯ ವಾರಕ್ಕೆ ಬೇಯಾಳ ಮೊಣಕಾಲು ಸೋತಿತು. ಗೋಧಿ ಬೀಸುವ ಗಿರಣಿಯಲ್ಲಿ ಹೆಂಗಸರ ನಡುವೆ ನಿಂತು ನೇರವಾಗಿಯೇ ಕೇಳಿಬಿಟ್ಟಳು: "ಏನ್ರಮ್ಮಾ, ನಮ್ಮೆಜಮಾನ್ರನ್ನ ಹಿಡ್ಕೊಂಡು ಹೋಗೋಕೆ ಯಾರಾದ್ರೂ ಬರ್ತಾರೋ ಇಲ್ವೋ? ಬರೋದಾದ್ರೆ ದಿನ ಹೇಳಿ, ನಾನು ಅಟ್ಟ ಗುಡಿಸ್ಬೇಕು."

ಗಿರಣಿಯವನ ತಾಯಿ, "ಅಯ್ಯೋ ಬೇಯಾ, ಮಂತ್ರಿಗಳನ್ನೇ ಇನ್ನೂ ಹಿಡಿದು ಮುಗಿದಿಲ್ಲ. ಗವರ್ನರ್‌ಗಳು ಬಾಕಿ ಇದ್ದಾರೆ. ನಿನ್ನ ಗಂಡನ ಸರದಿ ಬರೋಷ್ಟರಲ್ಲಿ ಮುಂದಿನ ಆಲಿವ್ ಸುಗ್ಗಿ ಬರುತ್ತೆ," ಎಂದಳು.

ಬೇಯಾ ಬಂದು ಹೇಳಿದ ಈ ಮಾತು ಶೆದ್ಲಿಗೆ ನಾಟಿತು. ಪ್ರಾಣಭಯಕ್ಕಿಂತ ಇದು ದೊಡ್ಡ ನೋವು. ಮರುದಿನವೇ ಕೆಳಗಿಳಿದು, ಗಡ್ಡ ಹೆರೆದು, ಕೋಟು ತೊಟ್ಟು ನನ್ನ ಅಂಗಡಿಗೆ ಬಂದ. ಹಿಂದೆಲ್ಲ ಅವನು ಹೊಸ್ತಿಲು ತುಳಿದರೆ ಸಾಕು, ಇಸ್ಪೀಟಾಡುವವರೂ ಹವಾಮಾನದ ಬಗ್ಗೆ ಮಾತಾಡಲು ತೊಡಗುತ್ತಿದ್ದರು. ಆ ದಿನ ಮೂವತ್ತು ಜನ ಒಟ್ಟಿಗೇ ಕಿರುಚುತ್ತಿದ್ದರು. ಒಬ್ಬನೂ ದನಿ ತಗ್ಗಿಸಲಿಲ್ಲ.

"ನಾನು ಬಂದಿದ್ದೀನಿ," ಎಂದ ಶೆದ್ಲಿ.

"ಬಂದ್ರೆ ಕೂತ್ಕೊಳಯ್ಯ. ಸಂವಿಧಾನದ ವಿಷಯ ಮಾತಾಡ್ತಾ ಇದ್ದೀವಿ, ಅಡ್ಡ ನಿಲ್ಬೇಡ," ಎಂದ ಕಟುಕ.

ಕೂತ. ನಿನ್ನೆಯವರೆಗೂ ಅವನೆದುರು ತನ್ನ ಹೆಂಡತಿಯ ಹೆಸರು ಹೇಳಲೂ ಅಂಜುತ್ತಿದ್ದ ಕಟುಕ ಈಗ ಪ್ರಧಾನಿಯನ್ನು ಕತ್ತೆ ಎಂದು ಕರೆಯುತ್ತಿದ್ದ. ಶೆದ್ಲಿಯ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನು ತೆಗೆಯಿತು. ತೆಗೆದ ಮೇಲೆ, ಬರೆದು ಯಾರಿಗೆ ಕಳಿಸುವುದೆಂದು ತೋಚದೆ ಅದರ ತುದಿಯಿಂದ ಟೀ ಕಲಕಿದ.

ವಸಂತ ಕಳೆಯಿತು. ಪ್ರಧಾನಿಗಳು ಬದಲಾದರು. ಪಕ್ಷಗಳು ಮಳೆ ಬಿದ್ದ ಮೇಲಿನ ಅಣಬೆಯಂತೆ ಎದ್ದವು. ನೂರು ದಾಟಿದವೆಂದು ರೇಡಿಯೊ ಹೇಳಿತು. ಚುನಾವಣೆ ಬೇಸಿಗೆಯಿಂದ ಅಕ್ಟೋಬರಿಗೆ ಹೋಯಿತು. ಶೆದ್ಲಿ ಭಯಪಡುತ್ತಿದ್ದುದು ಈಗ ಒಬ್ಬರಿಗೆ ಮಾತ್ರ: ಲಾರೂಸಿ ಮೇಷ್ಟ್ರಿಗೆ. ಶೆದ್ಲಿ ಬರೆದ ವರದಿಯಿಂದ ಅವರಿಗೆ ಮರಳುಗಾಡಿನ ಅಂಚಿನ ಶಾಲೆಗೆ ವರ್ಗವಾಗಿತ್ತು. ನಾಲ್ಕು ವರ್ಷ ಅಲ್ಲಿದ್ದು ಬಂದರು. ಬಂದಮೇಲೆ ಒಮ್ಮೆಯೂ ಅವನ ಸಲಾಮಿಗೆ ಸಲಾಮು ಹೇಳಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಅದೇ ಮೇಷ್ಟ್ರು ಬಂದು ಬಾಗಿಲು ತಟ್ಟಿದರು. ಕಿಟಕಿಯಲ್ಲಿ ಕಂಡದ್ದೇ ತಡ, ಶೆದ್ಲಿ ಮತ್ತೆ ಅಟ್ಟದಲ್ಲಿ.

ಬೇಯಾ ಬಾಗಿಲು ತೆರೆದಳು. "ಬನ್ನಿ ಮೇಷ್ಟ್ರೇ. ಮೇಲಿದ್ದಾರೆ, ಏಣಿ ಅಲ್ಲಿದೆ. ಹೊಡೆಯೋದಾದ್ರೆ ಕೆಳಗಿಳಿಸ್ಕೊಂಡು ಹೊಡೀರಿ. ಮೇಲೆ ವರ್ಷದ ಎಣ್ಣೆ ಇಟ್ಟಿದ್ದೀನಿ."

"ಹೊಡೆಯೋಕಲ್ಲಮ್ಮ," ಎಂದರು ಮೇಷ್ಟ್ರು, ಟೋಪಿ ತೆಗೆಯುತ್ತ. "ಮತದಾರರ ಪಟ್ಟಿ ಮಾಡೋ ಕೆಲಸ ನನ್ನ ತಲೆಗೆ ಬಂದಿದೆ. ತೋಟಗಳ ಕಡೆ ಯಾರ್ಯಾರಿದ್ದಾರೆ ಅಂತ ಒಬ್ರಿಗೂ ಗೊತ್ತಿಲ್ಲ. ಊರಲ್ಲಿ ಪ್ರತಿ ಮನೆಯ ಹೊಟ್ಟೆಯೊಳಗಿನದೂ ಗೊತ್ತಿರೋನು ಒಬ್ನೇ."

ಶೆದ್ಲಿ ತಗಡಿನ ಪೆಟ್ಟಿಗೆ ಹೊತ್ತು ಇಳಿದ. ಅದರೊಳಗೆ ಅವನ ವರದಿಗಳ ನಕಲು, ವರ್ಷಕ್ಕೊಂದು ನೋಟುಪುಸ್ತಕ. ಮೇಷ್ಟ್ರು ಮೊದಲು ಹುಡುಕಿದ್ದು ತಮ್ಮ ಪುಟವನ್ನೇ. ಸಿಕ್ಕಿತು. ಗಟ್ಟಿಯಾಗಿ ಓದಿದರು:

"ಲಾರೂಸಿ, ಉಪಾಧ್ಯಾಯ. ಬಹಳ ಓದುತ್ತಾನೆ. ಕಾರಣ ತಿಳಿದುಬಂದಿಲ್ಲ. ಆಗಾಗ ನಗುತ್ತಾನೆ. ಯಾರನ್ನು ನೋಡಿ ಎಂಬುದು ಸ್ಪಷ್ಟವಿಲ್ಲ."

ಪುಟ ತಿರುವಿದರು. ಆಚೆ ಖಾಲಿ.

"ಇಷ್ಟೇನಾ?"

"ಇಷ್ಟೇ, ಮೇಷ್ಟ್ರೇ."

"ಇಷ್ಟಕ್ಕೆ ನಾಲ್ಕು ವರ್ಷವೇನೋ! ಏನೋ ಭಾರೀ ಬರೆದಿದ್ದೀಯ ಅಂದ್ಕೊಂಡಿದ್ದೆ. ನನ್ನನ್ನ ಕಂಡ್ರೆ ಸರ್ಕಾರ ಹೆದರುತ್ತೆ ಅಂತ ಆ ಮರಳಲ್ಲಿ ಕೂತು ಎಷ್ಟು ಸಮಾಧಾನ ಮಾಡ್ಕೊಂಡಿದ್ದೆ ಗೊತ್ತಾ?"

ಬೇಯಾ ತಲೆಬಟ್ಟೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರಿಗೂ ನಗು ಬರುವಂತಿತ್ತು, ಆದರೆ ಬರಲಿಲ್ಲ. "ನಮ್ಮಮ್ಮ ಹೋದಾಗ ನಾನಲ್ಲಿದ್ದೆ," ಎಂದರು. "ಎರಡು ದಿನಕ್ಕೊಂದು ಬಸ್ಸು. ಬರೋಷ್ಟರಲ್ಲಿ ಮಣ್ಣಾಗಿತ್ತು."

"ಗೊತ್ತು. ಹೆಗಲು ಕೊಟ್ಟೋರಲ್ಲಿ ನಾನೂ ಇದ್ದೆ."

"ಅದನ್ನೂ ಬರೆದ್ಯಾ? ಯಾರ್ಯಾರು ಬಂದಿದ್ರು ಅಂತ?"

"ಇಲ್ಲ. ಆವತ್ತು ಪುಸ್ತಕ ತಗೊಂಡು ಹೋಗಿರ್ಲಿಲ್ಲ." ಶೆದ್ಲಿ ನೆಲ ನೋಡುತ್ತಿದ್ದ. "ತಪ್ಪಾಯ್ತು ಮೇಷ್ಟ್ರೇ. ಪ್ರತಿ ತಿಂಗಳೂ ಏನಾದ್ರೂ ಬರೀಲೇಬೇಕಿತ್ತು. ನಿಮ್ಮ ಬಗ್ಗೆ ಬರೆದ ತಿಂಗಳು ಊರಲ್ಲಿ ಬೇರೇನೂ ನಡೆದಿರ್ಲಿಲ್ಲ."

ಮೇಷ್ಟ್ರು ಪುಸ್ತಕ ಮುಚ್ಚಿ ಎದ್ದರು. "ಕ್ಷಮಿಸೋದು ಬಿಡೋದು ಆಮೇಲೆ. ನಾಳೆ ಏಳು ಗಂಟೆಗೆ ಬಾ. ಈ ಕೆಲಸದಲ್ಲಿ ಹಳೇ ಪಕ್ಷದೋರ ಹೆಸರು ಎಲ್ಲೂ ಬರೋ ಹಾಗಿಲ್ಲ, ಅದು ಕಾನೂನು. ದಾರಿ ತೋರ್ಸು, ಬಾಯಿ ಮುಚ್ಕೊಂಡಿರು."

ಹೀಗೆ ರಂಜಾನಿನ ಉಪವಾಸದ ಬಿಸಿಲಲ್ಲಿ ಮೇಷ್ಟ್ರ ಸಣ್ಣ ಮೋಟರ್‌ಸೈಕಲ್ಲಿನ ಹಿಂದೆ ಕೂತು ಶೆದ್ಲಿ ಆಲಿವ್ ತೋಟಗಳನ್ನು ಸುತ್ತಿದ. ಅವನ ಮುಖ ಕಂಡರೆ ನಾಯಿಗಳು ಹೊರಗೆ ಬರುತ್ತಿದ್ದವು, ಮನುಷ್ಯರು ಒಳಗೆ ಹೋಗುತ್ತಿದ್ದರು. "ವರದಿಗಲ್ಲ ಕಣ್ರೋ, ಪಟ್ಟಿಗೆ!" ಎಂದು ಬೇಲಿಯಾಚೆಯಿಂದ ಕೂಗಿ ಕೂಗಿ ಉಪವಾಸದ ಗಂಟಲು ಒಣಗಿತು. ಕೊನೆಯ ತೋಟದ ಮುದುಕಿ ಹಲೀಮಾ ಮಾತ್ರ ಅವನನ್ನು ಕಂಡು ಸಂತೋಷಪಟ್ಟಳು.

"ಬಂದ್ಯಾ ಮಗನೇ? ಚುನಾವಣೆ ತಾನೇ? ಯಾವಾಗ್ಲೂ ಹಾಕ್ತಿದ್ಯಲ್ಲ, ಈ ಸಲವೂ ನಂದು ನೀನೇ ಹಾಕ್ಬಿಡು. ನಂಗೆ ಸೊಂಟ ನೋವು."

ಮೇಷ್ಟ್ರು ತಿರುಗಿ ನೋಡಿದರು. ಶೆದ್ಲಿಯ ಕಿವಿ ಕೆಂಪಾಯಿತು. "ಇಲ್ಲಮ್ಮ, ಈ ಸಲ ನೀವೇ ಬರ್ಬೇಕು."

"ಯಾಕಪ್ಪಾ, ನಿನ್ನ ಕೈಗೇನಾಯ್ತು?"

ಮೇಷ್ಟ್ರು ಆ ದಿನ ದಾರಿಯುದ್ದಕ್ಕೂ ನಕ್ಕರು. ಯಾರನ್ನು ನೋಡಿ ನಗುತ್ತಾರೆ ಎಂಬುದು ಶೆದ್ಲಿಗೆ ಈ ಸಲ ಸ್ಪಷ್ಟವಿತ್ತು.

ಅಕ್ಟೋಬರಿನ ಆ ಭಾನುವಾರ ಶಾಲೆಯ ಗೇಟಿನಿಂದ ಅಂಚೆ ಕಚೇರಿಯವರೆಗೆ ಸರದಿ. ಶೆದ್ಲಿ ಅಭ್ಯಾಸಬಲದಿಂದ ನೆಟ್ಟಗೆ ಮುಂದಕ್ಕೆ ನಡೆದ. "ಸರದೀ! ಸರದೀ!" ಎಂದು ಇಡೀ ಊರು ಅರಚಿತು. ಎಲ್ಲರಿಗಿಂತ ಜೋರಾಗಿ ಅರಚಿದ್ದು ಬೇಯಾ. ನಾಲ್ಕು ಗಂಟೆ ನಿಂತು ಒಳಗೆ ಹೋದವನು ಎಷ್ಟು ಹೊತ್ತಾದರೂ ಹೊರಬರಲಿಲ್ಲ. ಬಾತ್‌ರೂಮ್ ಟವೆಲಿನಷ್ಟು ದೊಡ್ಡ ಮತಪತ್ರ, ಅದರ ತುಂಬ ಚಿಹ್ನೆಗಳು. ಹೊರಬಂದಾಗ ಬೆವರಿದ್ದ. ನೀಲಿ ಬೆರಳನ್ನು ಮೇಲೆತ್ತಿ ಹಿಡಿದೇ ನನ್ನ ಅಂಗಡಿಗೆ ಬಂದ.

"ಎಷ್ಟು ಶೇಕಡಾ ಬಂತು?" ಎಂದು ಕೇಳಿದ.

"ಇನ್ನೂ ಎಣಿಸಿಲ್ಲವಲ್ಲೋ."

"ಯಾರಿಗೂ ಗೊತ್ತಿಲ್ವಾ? ಟ್ಯುನಿಸ್‌ನಲ್ಲೂ?"

"ಅಲ್ಲೂ."

ಮೊದಲೆಲ್ಲ ಫಲಿತಾಂಶ ಅವನಿಗೆ ವಾರದ ಮುಂಚೆಯೇ ಗೊತ್ತಿರುತ್ತಿತ್ತು. ಈಗ ನಾಲ್ಕು ದಿನ ಕೂತಲ್ಲಿ ಕೂರಲಿಲ್ಲ. ಕೊನೆಗೆ ಅಂಕಿ ಬಂತು. ಅವನು ಆರಿಸಿದ, ಯಾರೂ ಹೆಸರು ಕೇಳದ ಅಭ್ಯರ್ಥಿಗಳ ಪಟ್ಟಿಗೆ ನಮ್ಮೂರಲ್ಲಿ ಬಿದ್ದದ್ದು ಹನ್ನೊಂದು ಮತ.

ಸೋತದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ಉಳಿದ ಹತ್ತು ಜನ ಯಾರು ಎಂಬುದೇ ತಲೆ ಕೊರೆಯಿತು. ಕಟುಕನನ್ನು ಕೇಳಿದ, ಗಿರಣಿಯವನನ್ನು ಕೇಳಿದ, ನನ್ನನ್ನು ಮೂರು ಸಲ ಕೇಳಿದ. ಎಲ್ಲರದೂ ಒಂದೇ ಉತ್ತರ: ಮತ ಗುಟ್ಟು. ಮೇಷ್ಟ್ರು ಸಲಾಮು ಹೇಳಲು ಶುರುಮಾಡಿದ್ದರು, ಆದರೆ ಅವರೂ ಬಾಯಿ ಬಿಡಲಿಲ್ಲ. ಕೊನೆಗೆ ಮನೆಗೆ ಹೋಗಿ ಬೇಯಾಳನ್ನೇ ಹಿಡಿದ.

"ನೀನಾದ್ರೂ ಹೇಳೇ. ಆ ಹತ್ತರಲ್ಲಿ ನೀನೊಬ್ಳು ತಾನೇ?"

ಬೇಯಾ ಹಿಟ್ಟು ನಾದುತ್ತಿದ್ದಳು. "ಅದ್ರಲ್ಲಿ ನಾನಿಲ್ಲ," ಎಂದಳು, ತಲೆ ಎತ್ತದೆ. "ಅಷ್ಟು ಹೇಳಿದ್ದೇ ಜಾಸ್ತಿ. ಹೋಗಿ ಕೈ ತೊಳ್ಕೊಳ್ಳಿ, ಊಟಕ್ಕಿಡ್ತೀನಿ."