ಹೊಂಡದೊಳಗಿನ ಸಮುದ್ರ

"ಇಳೀಲೇ ಸೂಳಿಮಗನ. ನೀರ ಕಂಡಕೂಡ್ಲೇ ಪೂಜಿ ಮಾಡಾಕ ಇದೇನ ನಿಮ್ಮ ಹೂಲಿ ಬಾವಿ ಅಂತ ತಿಳದಿಯೇನ?"

ಗುತ್ತಿಗೆದಾರ ನಿಜಗುಣಪ್ಪ ಎಲೆಯ ಮೇಲಿದ್ದ ಅರಿಸಿನ ಕುಂಕುಮವನ್ನು ಬೂಟುಗಾಲಿನಿಂದ ಒದ್ದ. ಅದು ಹೊಂಡದ ದಂಡೆಯಲ್ಲಿ ಕೈಮುಗಿದು ಕುಳಿತಿದ್ದ ಯಮನಪ್ಪನ ಮುಖಕ್ಕೇ ಹಾರಿತು. ಬಾವಿ ತೋಡುವಾಗ ಮೊದಲ ಸೆಲೆ ಕಂಡರೆ ಮೇಲೆ ಬಂದು, ಗಂಗಮ್ಮನಿಗೆ ಕೈಮುಗಿದು, ಆಮೇಲೆಯೇ ಗುದ್ದಲಿ ಮುಟ್ಟುವುದು ಇವರ ಮುತ್ತಜ್ಜರ ಕಾಲದ ಪದ್ಧತಿ. ಇಂದ್ರವ್ವ ಗಂಡನ ಕಣ್ಣಿಗೆ ಬಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿದಳು.

ಸವದತ್ತಿ ಸೀಮೆಯ ಹೂಲಿಯಿಂದ ಲಾರಿಯಲ್ಲಿ ತುಂಬಿ ತಂದು, ಸಂಪಗಾಂವದ ಸಾವಕಾರ ನಿಜಗುಣಪ್ಪ ಅವರನ್ನು ಇಳಿಸಿದ್ದು ಕಡಲ ನಡುವೆ. ಯಾರೋ ದೊಡ್ಡವರಿಗೆ ಹೋಟೆಲು ಕಟ್ಟಲು ದೇಶದಲ್ಲಿದ್ದ ನೆಲ ಸಾಲಲಿಲ್ಲವಂತೆ. ನೀರಿಗೇ ಮರಳು ಸುರಿದು ನಡುಗಡ್ಡೆ ಮಾಡಿದ್ದರು. ಅದರಲ್ಲಿ ಹೋಟೆಲಿನ ಪಾಯಕ್ಕೆಂದು ಎರಡಾಳು ಆಳದ ಹೊಂಡ. ಇಂದು ಬೆಳಿಗ್ಗೆ ಅದರ ತಳದಲ್ಲಿ ನೀರು ಜಿನುಗಿತ್ತು.

ಅದನ್ನು ನೋಡಿದ ಇಂಜಿನಿಯರು ನಿಜಗುಣಪ್ಪನಿಗೆ ಎಚ್ಚರಿಕೆ ಹೇಳಿ ಹೋಗಿದ್ದ. ಕಡಲು ಉಕ್ಕಿದರೆ ನಡುಗಡ್ಡೆಯ ಅಡಿಯ ನೀರೂ ಉಕ್ಕುತ್ತದೆ, ಆದರೆ ಮರಳಿನಲ್ಲಿ ಹಾದು ಬರಲು ಹೊತ್ತು ಹಿಡಿಯುತ್ತದೆ. ಹೊರಗೆ ಕಡಲು ಇಳಿಯುತ್ತಿದ್ದರೂ ಒಳಗೆ ಏರುತ್ತಲೇ ಇರುತ್ತದೆ. ಹೊಂಡದ ನೀರೇ ಇಳಿಯುವ ತನಕ ಆಳು ಇಳಿಸಬೇಡ. ಚಹಾ ಕೊಡಲು ಹೋಗಿದ್ದ ಇಂದ್ರವ್ವ ಇದನ್ನು ಕಿವಿಯಾರೆ ಕೇಳಿದ್ದಳು.

"ಸಾವಕಾರ್ರ, ಸಾಹೇಬ್ರು ಬ್ಯಾಡ ಅಂದಾರ್ರಿ. ತಳದಾಗ ಇನ್ನೂ ಏರಾಕತ್ತೇತಿ."

"ಕಣ್ಣ ಹೋಗ್ಯಾವೇನ ರಂಡಿ? ಅಲ್ಲಿ ನೋಡ. ಸಮುದ್ರ ಹಿಂದ ಸರದೈತಿ. ಹೊಲಸ ಜಾತೀವು, ಕೆಲಸ ತಪ್ಪಸಾಕ ಒಮ್ಮಿ ದೇವರು, ಒಮ್ಮಿ ಸಾಹೇಬ."

ಅವನು ಯಮನಪ್ಪನ ಕುತ್ತಿಗೆಗೆ ಬಡಿಗೆಯಿಂದ ಬಾರಿಸಿದ. ಯಮನಪ್ಪ ಹೆಂಡತಿಯ ಮುಖ ನೋಡಲಿಲ್ಲ. ಗುದ್ದಲಿ ಹೆಗಲಿಗೇರಿಸಿ ಏಣಿ ಇಳಿದ.

ನಾಲ್ಕು ಬುಟ್ಟಿ ಮರಳು ಮೇಲೆ ಬಂತು. ಐದನೆಯದು ಬರಲಿಲ್ಲ. ತಳ ಗಂಜಿಯಂತೆ ಮೆತ್ತಗಾಗಿ ಒಂದು ಗೋಡೆ ಜಾರಿತು, ಯಮನಪ್ಪ ಸೊಂಟದವರೆಗೆ ಹೂತುಹೋದ. ಅವನು ಏಣಿಗೆ ಕೈ ಚಾಚುವಷ್ಟರಲ್ಲಿ ಎದುರಿನ ಗೋಡೆಯೂ ತಲೆಯ ಮೇಲೆ ಬಿತ್ತು. "ಇಂದ್ರಾ" ಎಂದ ಕೂಗು ಅರ್ಧಕ್ಕೇ ನಿಂತಿತು. ಆಮೇಲೆ ಬೂದು ನೀರು, ಅದರ ಮೇಲೆ ತೇಲುವ ಬುಟ್ಟಿ.

ಹಾರಹೊರಟ ಇಂದ್ರವ್ವನನ್ನು ಜೊತೆಯ ಆಳು ದುರ್ಗಾ ಅಪ್ಪಿ ಹಿಡಿದಳು. ನಿಜಗುಣಪ್ಪ ಒಮ್ಮೆ ಬಗ್ಗಿ ನೋಡಿ, ಜೆಸಿಬಿಯವನಿಗೆ ಕೈ ಬೀಸಿದ.

"ಮುಚ್ಚಿಬಿಡಪಾ. ಕುಡದು ಊರಿಗೆ ಓಡಿಹೋದ ಅಂದ್ರಾತು. ಇಂಥವರ ಹೆಣಕ್ಕ ಯಾರ ಪಂಚನಾಮಿ ಮಾಡ್ತಾರ."

ಇಂದ್ರವ್ವ ಕೊಸರಿಕೊಂಡು ಹಾರೆ ಎತ್ತಿದಳು. ಮೊದಲ ಏಟಿಗೆ ಅವನ ಮೊಣಕಾಲು ಲಟಕ್ಕೆಂದಿತು. ಎರಡನೆಯದು ಭುಜಕ್ಕೆ. ಅವನು ಉರುಳಿದ; ದಂಡೆಯ ಮರಳು ಕುಸಿದು ಅವನನ್ನು ಹೊಂಡಕ್ಕೆ ಒಯ್ದಿತು. ಯಾರೂ ಹೇಳಲಿಲ್ಲ, ದುರ್ಗಾ ತಾನೇ ಏಣಿಯನ್ನು ಮೇಲೆಳೆದಳು. ಹೂಲಿಯ ಉಳಿದವರು ಅದಕ್ಕೆ ಕೈಹಚ್ಚಿದರು. ಜೆಸಿಬಿಯವನು ಯಂತ್ರ ನಿಲ್ಲಿಸಿ ಇಳಿದುಬಂದ. ಹೊಂಡದೊಳಗಿಂದ ನಿಜಗುಣಪ್ಪ ಕೂಗಿದ.

"ಅವ್ವಾ, ನಿನ್ನ ಕಾಲ ಬೀಳತೇನಿ. ಏಣಿ ಬಿಡ. ನೀರ ಏರಾಕತ್ತೇತಿ."

"ಎಲ್ಲಿ ಏರತೈತಿ? ಸಮುದ್ರ ಹಿಂದ ಸರದೈತಿ." ಇಂದ್ರವ್ವ ಹಾರೆಯನ್ನು ಮಡಿಲಲ್ಲಿಟ್ಟುಕೊಂಡು ದಂಡೆಯಲ್ಲಿ ಕುಳಿತಳು. "ನನ್ನ ಗಂಡ ನಿನ್ನ ಕಾಲ ಬುಡಕ ಅದಾನ. ಮೊದಲ ಅವನ್ನ ತಗದು ಕೊಡ. ತೋಡಲೇ ಸೂಳಿಮಗನ."

ನಿಜಗುಣಪ್ಪ ಅಳುತ್ತ ಬರಿಗೈಯಿಂದ ತೋಡತೊಡಗಿದ. ನೀರು ಅವನ ಎದೆಗೆ ಬಂದಿತ್ತು.