ಹಾಸಿದ ಹುಲ್ಲಿಗೆ ನೀರು

ಭೀಮಪ್ಪ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ, ಗೋಪಾಲಪ್ಪ ತಮ್ಮ ನಲ್ಲಪ್ಪನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ತೊಳೆಯುತ್ತಿದ್ದ. ಅಷ್ಟರಲ್ಲಿ ಒಳಗೆ ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿ ನಲ್ಲಪ್ಪನ ಫೋನು ಬಡಿದುಕೊಳ್ಳತೊಡಗಿತು. ಅಂಗಳದ ಅಳು ಒಮ್ಮೆ ತಡೆದು ನಿಂತಿತು. ನಲ್ಲಪ್ಪನ ಹೆಂಡತಿ ಅನುಸೂಯಮ್ಮ ಎದ್ದುಹೋಗಿ ಫೋನನ್ನು ಕಿವಿಗಿಟ್ಟುಕೊಂಡಳು.

"ಎಲ್ಲಿದ್ದೀಯ ನಲ್ಲಪ್ಪಣ್ಣ? ಬಿಸ್ಲು ಏರ್ತಾ ಐತೆ. ನಿನ್ ಹುಲ್ಲು ಬಾಯ್ ಬಿಡ್ತಾ ಐತೆ ಇಲ್ಲಿ."

ತುಮಕೂರು ರಸ್ತೆಯ ಹೊಸ ಗೋದಾಮಿನ ಗೇಟು ಕಾಯುವ ಈಶಪ್ಪನ ದನಿ ಅದು.

"ಅವರಿಲ್ಲ ಅಣ್ಣ."

"ಎಲ್ಲೋದ್ರು ಅಕ್ಕ?"

ಅವಳು ಅಂಗಳದತ್ತ ನೋಡಿದಳು. ಗೋಪಾಲಪ್ಪ ತಮ್ಮನ ಕಿವಿಯ ಹಿಂದಿನ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ, ಶಾಲೆಗೆ ಕಳಿಸುವ ಮಗುವಿಗೆ ಉಜ್ಜಿದ ಹಾಗೆ.

"ಹೋಗ್ಬಿಟ್ರು," ಎಂದಳು.

ನಿನ್ನೆ ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯದೆ ಜಗಲಿಯಲ್ಲಿ ಕೂತಿದ್ದ. ಗೋದಾಮಿನ ಮುಂದೆ ಹುಲ್ಲು ಹಾಸಿ ಮುಗಿಯಿತು, ನಾಳೆ ಬೆಳಿಗ್ಗೆ ಒಂದು ನೀರು, ಸಂಜೆ ಒಂದು ನೀರು, ಆಮೇಲೆ ಅದರ ಪಾಡಿಗೆ ಅದು ಬೇರು ಕಚ್ಚುತ್ತೆ ಎಂದಿದ್ದ. ಕಾಫಿ ತರಲು ಒಳಗೆ ಹೋದವಳು ಹೊರಗೆ ಬರುವಷ್ಟರಲ್ಲಿ ಗೋಡೆಗೆ ಒರಗಿದ್ದ. ನಿದ್ದೆ ಎಂದುಕೊಂಡು ಲೋಟವನ್ನು ಪಕ್ಕದಲ್ಲಿಟ್ಟು, ಆರಿಹೋಗದಿರಲೆಂದು ತಟ್ಟೆ ಮುಚ್ಚಿದ್ದಳು.

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಭೀಮಪ್ಪನ ಹೆಂಡತಿ ಹೊಳೆವ್ವನನ್ನು ಕರೆದಳು. ಬಾದಾಮಿ ಕಡೆಯಿಂದ ಬಂದ ಗಂಡ ಹೆಂಡತಿ ಅವರು. ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ, ವರ್ಷಗಳಿಂದ ನಲ್ಲಪ್ಪನ ಜೊತೆ ಕೆಲಸ.

"ನೀನೊಬ್ಬಳು ಹೋಗಿ ನೀರು ಬಿಟ್ಟು ಬಂದ್ಬಿಡೇ ಹೊಳೆವ್ವ."

"ಮುಂಜಾನಿನ ಹೋಗಿದ್ನಿರಿ ಅಕ್ಕಾರ. ಪಾಸ್ ತೋರ್ಸಿದ್ರ ಕೆಂಪು ಲೈಟ್ ಹತ್ತೇತಿ. ಈಶಪ್ಪಣ್ಣ ಇನ್ನಾ ಬಂದಿರ್ಲಿಲ್ಲ, ರಾತ್ರಿ ಪಾಳಿಯಾಂವ ಒಳಗ ಬಿಡ್ಲಿಲ್ಲ. ಹೇಳಾಕ ನಿಮ್ಮ ಮಾರಿ ನೋಡಿ ಬಾಯಿ ಬರ್ಲಿಲ್ಲ."

ಹೂವಿನ ಹಾರ ಹಿಡಿದು ಗೋದಾಮಿನ ಅಧಿಕಾರಿ ಬಾಲಾಜಿ ಬಂದಾಗ ನಲ್ಲಪ್ಪನನ್ನು ಚಟ್ಟದ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಹಾರ ಹಾಕಿ, ಕೈಮುಗಿದು, ಅನುಸೂಯಮ್ಮನ ಮುಂದೆ ಬಂದು ನಿಂತ. ಅವನ ಕಣ್ಣೂ ಒದ್ದೆಯಾಗಿತ್ತು.

"ಸುದ್ದಿ ಬಂದ ತಕ್ಷಣ ಸಿಸ್ಟಮ್ಮಲ್ಲಿ ಎಲ್ಲಾರ ಪಾಸೂ ನಿಂತೋಯ್ತಮ್ಮ. ಲೈಸೆನ್ಸ್ ಇರೋ ಗುತ್ತಿಗೆದಾರ ಇಲ್ದೆ ಆಳುಗಳನ್ನ ಒಳಗೆ ಬಿಡಂಗಿಲ್ಲ. ಏನಾದ್ರೂ ಆದ್ರೆ ಹೊಣೆ ಯಾರು, ಅಲ್ವಾ?"

"ಲೈಸೆನ್ಸ್ ನನ್ನ ಹೆಸರಲ್ಲೇ ಇದೆಯಲ್ಲ ಸಾರ್," ಎಂದಳು ಅನುಸೂಯಮ್ಮ. "ಬೋರ್ಡಲ್ಲಿ ನೋಡಿಲ್ವಾ? ಅನುಸೂಯಾ ಗಾರ್ಡನ್ಸ್."

ಬಾಲಾಜಿ ನೆಲ ನೋಡಿದ. "ಅದು ಅಂಗಡಿ ಹೆಸರಮ್ಮ. ಲೈಸೆನ್ಸ್ ನಲ್ಲಪ್ಪನವರದ್ದು. ಅವರ ಜೊತೆಗೇ ಹೋಯ್ತು. ನೀವು ಹೊಸದಾಗಿ ಮಾಡಿಸ್ಕೋಬಹುದು, ಸ್ವಲ್ಪ ದಿನ ಆಗುತ್ತೆ."

"ಹುಲ್ಲು?"

"ನಮ್ಮಲ್ಲಿ ನೀರು ಬಿಡೋ ಜನ ಇಲ್ಲ. ಇವತ್ತು ಭಾನುವಾರ ಬೇರೆ." ಅವನು ದನಿ ತಗ್ಗಿಸಿದ. "ಒಣಗಿದ್ರೆ ಮೇಲಿನವರು ಪ್ಲಾಸ್ಟಿಕ್ ಹಾಕ್ಸಿಬಿಡ್ತಾರಮ್ಮ. ಅವರು ಮೊದಲಿಂದಾನೂ ಅದನ್ನೇ ಹೇಳ್ತಿದ್ರು."

*

ಆ ಪ್ಲಾಸ್ಟಿಕ್ಕಿನ ಮಾತು ಅನುಸೂಯಮ್ಮನಿಗೆ ಗೊತ್ತಿತ್ತು. ಹೋದ ತಿಂಗಳು ನಲ್ಲಪ್ಪ ಪ್ಲಾಸ್ಟಿಕ್ ಹುಲ್ಲಿನ ತುಂಡೊಂದನ್ನು ಮನೆಗೆ ತಂದು ಬಾಗಿಲ ಮುಂದೆ ಹಾಕಿದ್ದ. "ಕಾಲು ಒರೆಸ್ಕೊಳ್ಳಕ್ಕೆ ಚೆನ್ನಾಗಿದೆ," ಎಂದಿದ್ದ. ನೀರು ಬೇಡ, ಆಳು ಬೇಡ, ಒಂದು ಸಲ ಖರ್ಚು ಮಾಡಿದರೆ ಮುಗಿಯಿತು ಅನ್ನುವುದು ಕಂಪನಿಯವರ ಲೆಕ್ಕ. ಅವರ ಲೆಕ್ಕದ ಪಕ್ಕಕ್ಕೆ ತನ್ನ ದರ ಬರುವವರೆಗೂ ಇಳಿಸುತ್ತಾ ಹೋಗಿದ್ದ ನಲ್ಲಪ್ಪ. ಕೊನೆಗೆ ಉಳಿದದ್ದು ಆಳುಗಳ ಕೂಲಿ, ಹುಲ್ಲಿನ ಬೆಲೆ, ಅಷ್ಟೇ.

"ನಿಮಗೇನು ಸಿಕ್ಕಂಗಾಯ್ತು ಇದ್ರಲ್ಲಿ?" ಎಂದು ಅವಳು ಬೈದಿದ್ದಳು.

"ಬಸ್ಸಲ್ಲಿ ಹೋಗೋರಿಗೆ ಹಸಿರು ಕಾಣುತ್ತೆ ಕಣೇ."

ಅದಕ್ಕೂ ಹಿಂದೆ, ಲೈಸೆನ್ಸು ಮಾಡಿಸಲು ಹೋದ ದಿನ. ಅಲ್ಲಿಯವರೆಗೆ ಬೇರೊಬ್ಬರ ಲೈಸೆನ್ಸಿನ ಕೆಳಗೆ ದುಡಿದು, ತಾನು ಬೆಳೆಸಿದ ತೋಟಗಳ ಮುಂದೆ ಬೇರೊಬ್ಬರ ಬೋರ್ಡು ನೋಡುತ್ತಾ ಬಂದವನು. ಸಂಸ್ಥೆಯ ಹೆಸರೇನು ಎಂದು ಕೇಳಿದಾಗ ಏನೂ ತೋಚದೆ ಹೆಂಡತಿಯ ಹೆಸರು ಹೇಳಿಬಿಟ್ಟಿದ್ದ. ಸಂಜೆ ಮೈಸೂರು ಪಾಕಿನ ಪೊಟ್ಟಣ ಕೈಗಿತ್ತು, "ಇನ್ಮೇಲೆ ನೀನೇ ಓನರು, ನಾನು ನಿನ್ನ ಆಳು," ಎಂದು ನಕ್ಕಿದ್ದ. ಅವಳು ಅದನ್ನು ನಂಬಿದ್ದಳು. ಅವನೂ ನಂಬಿದ್ದನೋ ಏನೋ.

*

ಚಟ್ಟ ಎತ್ತುವ ಹೊತ್ತಿಗೆ ಭಜನೆಯವರು ಬಂದರು. ತಾಳದ ಸದ್ದಿನ ನಡುವೆ ಗಂಡಸರು ಹೆಗಲು ಬದಲಾಯಿಸುತ್ತಾ ಹೊರಟರು. ಬೆಂಕಿಯ ಮಡಕೆ ಹಿಡಿದವನು ಗೋಪಾಲಪ್ಪನ ಮಗ, ನಲ್ಲಪ್ಪನಿಗೆ ಮಕ್ಕಳಿರಲಿಲ್ಲ. ಹೆಂಗಸರು ಬೀದಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದರು.

ಮನೆ ತೊಳೆದಾದ ಮೇಲೆ ಜಗಲಿಯಲ್ಲಿ ಮಾತು ಮೆಲ್ಲಗೆ ಬಿಚ್ಚಿಕೊಂಡಿತು.

"ನನ್ ಮದ್ವೇಲಿ ಚಿಕ್ಕಪ್ಪ ಊಟಕ್ಕೇ ಕುಂತಿಲ್ಲ," ಎಂದಳು ಗೋಪಾಲಪ್ಪನ ಮಗಳು ಶಾಂತಿ. "ಹುಡುಕ್ಕೊಂಡು ಹೋದ್ರೆ, ರೇಷ್ಮೆ ಪಂಚೆ ಮೇಲಕ್ಕೆ ಕಟ್ಕೊಂಡು ಛತ್ರದ ಲಾನಲ್ಲಿ ಕಳೆ ಕೀಳ್ತಾ ಇದ್ರು. ನಮ್ಮತ್ತೆ ಮನೆಯೋರು, ನಿಮ್ಮ ಚಿಕ್ಕಪ್ಪ ಛತ್ರದ ಮಾಲಿನಾ ಅಂತ ಕೇಳಿದ್ರು."

"ನೀ ಏನಂದೆ?"

"ಹೌದು, ಸಂಬಳ ಇಲ್ದಿರೋ ಮಾಲಿ ಅಂದೆ."

ಹೆಂಗಸರು ನಕ್ಕರು. ನಗುತ್ತಲೇ ಶಾಂತಿಯ ದನಿ ಒಡೆಯಿತು. ಅನುಸೂಯಮ್ಮ ಅವಳ ಬೆನ್ನು ಸವರಿದಳು. ಆದರೆ ಅವಳ ಕಣ್ಣು ಅಂಗಳದ ಬಿಸಿಲಿನ ಮೇಲಿತ್ತು. ಬಿಸಿಲು ತುಳಸಿಕಟ್ಟೆ ದಾಟಿ, ತೊಳೆದ ನೆಲವನ್ನು ಆಗಲೇ ಒಣಗಿಸಿತ್ತು.

ಮಣ್ಣು ಮಾಡಿ ಬಂದವರು ಸ್ನಾನ ಮಾಡಲೆಂದು ಗೋಪಾಲಪ್ಪ ಒಂದು ಟ್ಯಾಂಕರ್ ನೀರು ಹೇಳಿದ್ದ. ಬಂದವರು ಒಬ್ಬೊಬ್ಬರಾಗಿ ಮೈಮೇಲೆ ನೀರು ಸುರಿದುಕೊಂಡು, ದೀಪ ನೋಡಿ, ಚದುರಿದರು. ಅರ್ಧಕ್ಕೂ ಹೆಚ್ಚು ನೀರು ಹಾಗೇ ಉಳಿಯಿತು. ಟ್ಯಾಂಕರಿನ ಡ್ರೈವರ್ ತಲೆ ಕೆರೆದುಕೊಂಡು ನಿಂತ.

"ಇದ್ನ ಎಲ್ಲಿ ಸುರೀಲಿ ಯಜಮಾನ್ರೆ? ಸಾವಿನ ಮನೆಗೆ ತಂದಿದ್ ನೀರು. ಇನ್ನೊಬ್ರ ಮನೆ ಸಂಪಿಗೆ ಬಿಡಕ್ಕಾಗಲ್ಲ."

"ಮೋರಿಗೆ ಬಿಡು," ಎಂದ ಗೋಪಾಲಪ್ಪ.

"ಬೇಡ," ಎಂದಳು ಅನುಸೂಯಮ್ಮ ಒಳಗಿನಿಂದ.

ಅವಳು ಹೊರಗೆ ಬಂದಳು. ಒದ್ದೆ ಕೂದಲು ಬೆನ್ನಿಗೆ ಅಂಟಿತ್ತು. ಹೊಸ್ತಿಲ ಬಳಿ ಗೋಪಾಲಪ್ಪ ಅಡ್ಡ ನಿಂತ.

"ಎಲ್ಲಿಗವ್ವ? ಅನ್ನೊಂದು ದಿನ ಒಸ್ಲು ದಾಟಂಗಿಲ್ಲ. ಜನ ಏನಂದಾರು? ಇಂಗೆಲ್ಲ ಮಾಡ್ಬ್ಯಾಡ."

"ಇದು ಅವರ ಕೆಲಸ ಭಾವ. ಅವರು ಮುಗಿಸಿಲ್ಲ."

"ಗೇಟಲ್ಲೇ ನಿಲ್ಲಿಸ್ತಾರೆ ನಿನ್ನ."

"ನಿಲ್ಲಿಸ್ಲಿ. ಹೊರಗಡೆನೇ ನಿಲ್ತೀನಿ."

ಗೋಪಾಲಪ್ಪ ಅವಳ ಮುಖ ನೋಡಿದ. ಆಮೇಲೆ ಹೆಗಲ ಮೇಲಿನ ಒದ್ದೆ ಟವೆಲನ್ನು ಹಿಂಡುತ್ತಾ ಗೋಡೆಯ ಕಡೆಗೆ ಸರಿದ. ಹಿಂಡಲು ಅದರಲ್ಲಿ ನೀರೇ ಉಳಿದಿರಲಿಲ್ಲ.

ಗೋದಾಮಿನ ಮುಂದೆ ಗೋಡೆ ಇರಲಿಲ್ಲ. ಎದೆಮಟ್ಟದ ಕಬ್ಬಿಣದ ಸರಳುಗಳ ಬೇಲಿ, ಅದರ ಹಿಂದೆಯೇ ನಲ್ಲಪ್ಪ ಹಾಸಿದ ಹುಲ್ಲು. ಹಾಸುಗಳ ಅಂಚು ಬಿಸಿಲಿಗೆ ಮುದುರಿ, ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಭೀಮಪ್ಪ ಡ್ರೈವರಿಗೆ ಕೈ ತೋರಿಸುತ್ತಾ ಟ್ಯಾಂಕರನ್ನು ರಸ್ತೆಯ ಅಂಚಿಗೆ ಹತ್ತಿಸಿ ನಿಲ್ಲಿಸಿದ. ಹೊಳೆವ್ವ ಪೈಪು ಬಿಚ್ಚಿದಳು.

ಈಶಪ್ಪ ಒಳಗಿನಿಂದ ಓಡಿಬಂದ. "ಅಕ್ಕ, ಒಳಗೆ ಬಿಡಕ್ಕಾಗಲ್ಲ ಅಕ್ಕ. ನನ್ ಕೆಲ್ಸ ಓಗ್ತದೆ."

"ಒಳಗೆ ಬರಲ್ಲ ಈಶಪ್ಪಣ್ಣ."

ಅವನು ಮೇಲಿದ್ದ ಕ್ಯಾಮೆರಾ ನೋಡಿದ, ಪೈಪು ನೋಡಿದ. ಹುಲ್ಲಿನ ಮೇಲೆ ಹಾಕಿಕೊಂಡಿದ್ದ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಸಿಮೆಂಟಿನ ಮೇಲಿಟ್ಟು, ಬೆನ್ನು ತಿರುಗಿಸಿ ಕೂತ.

ಸರಳುಗಳ ನಡುವಿನಿಂದ ನೀರು ಹಾರಿತು. ಬಿರುಕುಗಳು ಮೊದಲು ಕುಡಿದವು. ಭೀಮಪ್ಪ ಬೇಲಿಯುದ್ದಕ್ಕೂ ಪೈಪು ಎಳೆದುಕೊಡುತ್ತಾ ನಡೆದ, ಅನುಸೂಯಮ್ಮ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಳು, ನಲ್ಲಪ್ಪ ಹಿಡಿಯುತ್ತಿದ್ದ ಹಾಗೆಯೇ. ಹತ್ತಿರದ ಹಾಸುಗಳು ಕಪ್ಪು ಹಸಿರಿಗೆ ತಿರುಗಿದವು. ಆಚೆ ಕೊನೆಯ ಸಾಲು ಮಾತ್ರ ಒಣಗಿಯೇ ಇತ್ತು.

"ಅಲ್ಲಿಗೆ ಮುಟ್ಟೂದಿಲ್ರಿ ಅಕ್ಕಾರ," ಎಂದ ಭೀಮಪ್ಪ. "ನಿನ್ನಿ ಕಡೀಕ ಹಾಸಿದ್ದು ಅದ. ಅಣ್ಣಾರ ಒಬ್ರ ಹಾಸಿದ್ರು, ನಮಗ ಮನಿಗೆ ಹೋಗ್ರಿ ಅಂದು."

ಅನುಸೂಯಮ್ಮ ಪೈಪಿನ ಜೊತೆಗೇ ಕೈಯನ್ನು ಸರಳುಗಳೊಳಗೆ ತೂರಿಸಿದಳು. ಮೊಣಕೈಯವರೆಗೆ ಹೋಯಿತು. ನೀರು ಇನ್ನೂ ಗೇಣುದ್ದ ಹಿಂದೆಯೇ ಬೀಳುತ್ತಿತ್ತು. ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ ಭುಜದವರೆಗೂ ತಳ್ಳಿದಳು. ಹನ್ನೊಂದನೆಯ ದಿನ ತೆಗೆಯಬೇಕಾಗಿದ್ದ ಹಸಿರು ಗಾಜಿನ ಬಳೆಗಳು ಸರಳಿಗೆ ತಾಗಿ ಚಟ್ಟನೆ ಒಡೆದು, ಚೂರುಗಳು ಒದ್ದೆ ಹುಲ್ಲಿನೊಳಗೆ ಬಿದ್ದವು. ಎಲ್ಲಿ ಬಿದ್ದವೆಂದು ಕಾಣಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನೀರು ಕೊನೆಯ ಸಾಲಿನ ಮೇಲೆ ಬೀಳತೊಡಗಿತ್ತು.