ಗಾಜಿನ ತೊಟ್ಟಿಗೆ ಬಿಟ್ಟ ಮುಗುಡು

ಶೇಖರ ಭಾವ ಮುಂಬೈಯ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಸಾಲಿಗ್ರಾಮದಲ್ಲಿ ಮನೆ ಕಟ್ಟಿದ ಮೇಲೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕತೊಡಗಿದರು. ಎಲ್ಲವೂ ಮೀಸೆಯವು. ತಳದ ಮರಳು ಕೆದಕುತ್ತ ತಿರುಗುವ ಆರು ಪುಟ್ಟ ಕೋರಿಡೋರಸ್, ಮೈಯೊಳಗಿನ ಮುಳ್ಳು ಹೊರಗೆ ಕಾಣುವ ಎಂಟು ಗಾಜುಮೀನು, ಹೊಟ್ಟೆ ಮೇಲೆ ಮಾಡಿ ಈಜುವ ಒಂದು. ಬಂದವರಿಗೆಲ್ಲ ಅವುಗಳ ಊರು ಹೇಳುವರು. ಇದು ಅಮೆಜಾನಿನದು, ಅದು ಕಾಂಗೊದ್ದು.

"ನಮ್ ಗದ್ದಿ ಮುಗುಡಿಗೂ ಮೀಸಿ ಇತ್ತಲ್ದಾ ಭಾವ?" ಎಂದು ಒಮ್ಮೆ ಕೇಳಿದೆ.

"ಅದ್ ಸಾರಿಗ್ ಆತ್ತ್ ಮರಾಯ. ಕಾಂಬುಕೆ ಎಂತ ಇತ್ತ್ ಅದ್ರಗೆ?"

ಬಂದವರೂ ನಕ್ಕರು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು ಹಾಲಾಡಿಯಲ್ಲಿ ಗದ್ದೆ ನೋಡಿಕೊಂಡಿರುವ ನನಗೆ ಆ ನಗು ಮುಗುಡಿನ ಮೇಲಿನದು ಅನ್ನಿಸಲಿಲ್ಲ.

ಜೂನ್ ಮೊದಲ ವಾರ ಭಾವನೂ ಸರಸಕ್ಕನೂ ನೆಂಟರ ಮದುವೆಗೆಂದು ಮುಂಬೈಗೆ ಹೋದರು. ಮೀನಿಗೆ ಕಾಳು ಹಾಕಿಕೊಂಡು ಹತ್ತು ದಿನ ಆ ಮನೆಯಲ್ಲಿರುವ ಕೆಲಸ ನನ್ನದು. ಬೆಳಿಗ್ಗೆ ಜಲಜಕ್ಕ ಬಂದು ಗುಡಿಸಿ ಒರೆಸಿ, ಪಕ್ಕದ ವೇದಾವತಿಯಮ್ಮನ ಮನೆಯ ಕೆಲಸಕ್ಕೆ ಹೋಗುವರು.

ಮೊದಲ ದೊಡ್ಡ ಮಳೆ ಬಿದ್ದ ದಿನ ನಾನು ಗದ್ದೆ ನೋಡಿಬರಲು ಹಾಲಾಡಿಗೆ ಹೋಗಿದ್ದೆ. ಹೊಸ ನೀರಿಗೆ ತೋಡಿನಿಂದ ಗದ್ದೆಗೆ ಹತ್ತುವ ಮೀನು ಹಿಡಿಯಲು ಊರಿನವರೆಲ್ಲ ಇಳಿದಿದ್ದರು. ನನಗೂ ಗೇಣುದ್ದದ ಮುಗುಡೊಂದು ಸಿಕ್ಕಿತು. ಅದನ್ನು ಕ್ಯಾನಿಗೆ ಹಾಕಿ, ಬೈಕಿನಲ್ಲಿ ಸಾಲಿಗ್ರಾಮಕ್ಕೆ ತಂದು ಭಾವನ ತೊಟ್ಟಿಗೆ ಬಿಟ್ಟೆ. ದೀಪದ ಬೆಳಕಿನಲ್ಲಿ ಅದರ ಕಪ್ಪು ಮೈ ನಿಜಕ್ಕೂ ಚೆಂದ ಕಂಡಿತು. ಭಾವನಿಗೆ ತೋರಿಸಲೆಂದು ಫೋಟೊ ತೆಗೆದೆ. ಮುಗುಡು ಏನೇನು ತಿನ್ನುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದವನು. ಒಂದು ರಾತ್ರಿಗೆ ಏನಾದೀತು ಅಂದುಕೊಂಡೆ.

ಬೆಳಿಗ್ಗೆ ಗಾಜುಮೀನು ಒಂದೂ ಇರಲಿಲ್ಲ. ಮುಗುಡು ಬಾಯಿ ತೆರೆದು ತೇಲುತ್ತಿತ್ತು; ಬಾಯಲ್ಲಿ ಒಂದು ಕೋರಿಡೋರಸ್. ಹೆದರಿದಾಗ ಆ ಪುಟ್ಟ ಮೀನು ಪಕ್ಕದ ಮುಳ್ಳುಗಳನ್ನು ಅಗಲಿಸಿ ಬಿಗಿ ಹಿಡಿಯುತ್ತದೆ. ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ ಎರಡೂ ಸತ್ತಿದ್ದವು. ಎಳೆದು ನೋಡಿದೆ, ಬರಲಿಲ್ಲ. ನೀರು ಕೆಟ್ಟು ಸಂಜೆಯೊಳಗೆ ಉಳಿದ ಕೋರಿಡೋರಸ್‌ಗಳೂ ಹೋದವು. ತಲೆಕೆಳಗಾಗಿ ಈಜುವುದೊಂದು ಕಟ್ಟಿಗೆಯ ಮರೆಯಲ್ಲಿ ಬದುಕಿತು. ಸತ್ತವನ್ನೆಲ್ಲ ಹಿತ್ತಿಲ ಬಾಳೆಯ ಬುಡದಲ್ಲಿ ಹುಗಿದು, ಫೋಟೊ ಅಳಿಸಿಹಾಕಿದೆ.

ಬಂದ ದಿನ ಭಾವ ಕೈಯ ಚೀಲ ಕೆಳಗಿಡದೆ ತೊಟ್ಟಿಯ ಮುಂದೆ ನಿಂತರು.

"ಎಂತ ಆಯ್ತಾ ಉಲ್ಲಾಸ?"

"ಗೊತ್ತಿಲ್ಲೆ ಭಾವ. ಬೆಳಿಗ್ಗೆ ಕಾಂಬತಿಗೆ ಸತ್ತಿದ್ದೊ."

"ಆ ಜಲಜಂದೇ ಕೆಲ್ಸ," ಅಂದಳು ಅಕ್ಕ. "ಫಿನಾಯ್ಲ್ ಹಾಕಿ ನೆಲ ಒರ್ಸತ್ತ್, ಅದೇ ಕೈ ನೀರಿಗ್ ಅದ್ದಿರ್ಕ್."

ಇಬ್ಬರೂ ನನ್ನ ಮುಖ ನೋಡಿದರು.

"ಇಪ್ಪುಕೂ ಸಾಕ್," ಎಂದು, ಇದ್ದರೂ ಇರಬಹುದು ಎಂಬಂತೆ ತಲೆಯಾಡಿಸಿದೆ.

ಮರುದಿನ ಅಕ್ಕ ಜಲಜಕ್ಕನನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರುವುದು ಬೇಡ ಅಂದಳು. ನಾನು ಒಳಕೋಣೆಯಲ್ಲಿದ್ದೆ. "ನಾನ್ ಆ ಗಾಜಿಗ್ ಕೈಯೇ ಹಾಕ್ಲಿಲ್ಲ ಸರಸಕ್ಕ," ಎಂದು ಅವರು ಹೇಳಿದ್ದು ಕೇಳಿಸಿತು. ಅದನ್ನೇ ಇನ್ನೊಮ್ಮೆ, ಗಟ್ಟಿಯಾಗಿ. ನಾನು ಮಂಚದ ಮೇಲೆ ಕೂತೇ ಇದ್ದೆ. ಗೇಟು ಮುಚ್ಚಿದ ಸದ್ದಾಯಿತು.

ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಅಕ್ಕ ಚಾ ಕೊಡುತ್ತ ಅಂದಳು: "ವೇದಾವತಿಯಮ್ಮನೂ ಜಲಜನ ಬಿಡ್ಸಿರಂಬ್ರ್. ಮೀನ್ ಕೊಂದದ್, ನಾಳೆ ಬಾವಿಗ್ ಎಂತ ಹಾಕತ್ತೋ ಅಂದೇಳಿ ಹೆದ್ರಿಕಿ ಅಂಬ್ರ್."

ಚಾ ಕೆಳಗಿಟ್ಟು ಇಬ್ಬರಿಗೂ ಎಲ್ಲ ಹೇಳಿದೆ.

"ಇದ್ನ ಈಗೆಂತಕೆ ಹೇಳ್ತೆ?" ಅಂದಳು ಅಕ್ಕ. "ಆದದ್ ಆಯ್ತ್. ನಮ್ ಮರ್ಯಾದಿ ಎಂತ ಆತ್ತ್?"

ಭಾವ ಮೀನಿನ ಮಾತೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಯಿ ಜಲಜನ ಕರ್ಕಂಡ್ ಬಾ," ಅಂದರು, ಅಷ್ಟೆ.

ಜಲಜಕ್ಕ ಮನೆಯ ಜಗಲಿಯಲ್ಲಿ ತೆಂಗಿನ ಕಡ್ಡಿಯ ಹಿಡಿಸೂಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ನನ್ನ ಮಾತು ಕೇಳಿದರು.

"ನಂಗ್ ಗೊತ್ತಿದ್ದಿತ್. ನಾಯಿ ಬಾಳಿ ಬುಡ ಕೆರಿತಾ ಇದ್ದಿತ್, ಹೋಯಿ ಕಂಡೆ. ಮುಗುಡಿನ್ ಬಾಯಗೆ ಸಣ್ ಮೀನ್. ಮಣ್ ಮುಚ್ಚಿ ಬಂದೆ."

"ಮತ್ತೆ ಅವತ್ತ್ ಎಂತಕೆ ಹೇಳ್ಲಿಲ್ಲ ಜಲಜಕ್ಕ?"

"ನೀವ್ ಹೇಳ್ತ್ರಿ ಅಂದ್ಕಂಡೆ. ಒಳ್ಗೇ ಇದ್ರಿ ಅಲ್ದಾ?"

ಜಗಲಿಯ ತುದಿಯಲ್ಲಿ ಕೂತೆ. ಆಮೇಲೆ ಕೆಲಸಕ್ಕೆ ಮರಳಿ ಬರುವಂತೆ ಕೇಳಿದೆ.

"ನಾನ್ ಬತ್ತಿಲ್ಲೆ. ಕೆಲ್ಸ ಬೇರೆ ಕಡೆ ಸಿಕ್ಕುತ್ತ್." ಸೂಡಿಯ ಹಗ್ಗ ಬಿಗಿದು ಪಕ್ಕಕ್ಕಿಟ್ಟು ಎದ್ದರು. "ಆರೆ ವೇದಾವತಿಯಮ್ಮನ ಹತ್ರ ಹೇಳ್ಕ್ ನೀವ್. ಈಗ್ಳೇ. ನಾನೂ ಬತ್ತೆ."

ಅವರು ಗೇಟಿನ ಹೊರಗೇ ನಿಂತರು. ವೇದಾವತಿಯಮ್ಮ ಜಗಲಿಯ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಸಣ್ಣ ದನಿಯಲ್ಲಿ, ಆದಷ್ಟು ಬೇಗ ಹೇಳಿ ಮುಗಿಸಿದೆ.

"ಇಷ್ಟ್ ಓದಿದವ್ರ್ ನೀವ್," ಅಂದರು. ನನ್ನಿಂದಾಚೆ ಗೇಟಿನ ಕಡೆ ನೋಡಿದರು. "ನಾವ್ ಈಗ ಕೆಲ್ಸಕ್ಕೆ ಬೇರೆಯವ್ರಿಗೆ ಹೇಳಿ ಆಯ್ತಲೆ."

ತಲೆಯಾಡಿಸಿ, ಇಳಿದು ಜಲಜಕ್ಕನ ಬಳಿಗೆ ಬಂದೆ.

"ಹೇಳಿದ್ರ್ಯಾ?"

"ಹೇಳ್ದೆ."

"ಸೊಸಿ ಯಾಮಿನಿಯೋರ್ ಇದ್ರಾ? ಹೆಂಗ್ಸರ ಸಂಘದಗೆ ಎಲ್ಲರಿಗೂ ಹೇಳದ್ ಅವ್ರೇ."

"ಒಳ್ಗ್ ಇದ್ರ್. ಅವ್ರಿಗೆ ಕೇಂಡಿರ್ಲಿಕ್ಕಿಲ್ಲ."

"ಹಂಗಾರೆ ಅವ್ರನ್ನ ಹೊರ್ಗ್ ಕರ್ದ್ ಹೇಳಿ."

ಮತ್ತೆ ಮೆಟ್ಟಿಲು ಹತ್ತಿದೆ. ವೇದಾವತಿಯಮ್ಮ ತಲೆ ಎತ್ತಿ ನೋಡಿದರು. ನಾನು ಬಾಗಿಲ ಬಳಿ ನಿಂತು ಯಾಮಿನಿಯವರನ್ನು ಹೆಸರು ಹಿಡಿದು ಕರೆದೆ. ಒಳಗೆ ನಲ್ಲಿ ನಿಂತಿತು. ಕೈ ಒರೆಸಿಕೊಳ್ಳುತ್ತ ಅವರು ಹೊರಗೆ ಬಂದರು.